ಬಳೆ ಹೆಚ್ಚಿದ ಊರು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮುತ್ತೈದೆಯ ಕೈಬಳೆ ಒಡೆದಾಗ ಒಡೆಯಿತೆಂಬ ಮಾತನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ; ‘ಬಳೆ ಹೆಚ್ಚಿತು’ ಎನ್ನುತ್ತಿದ್ದರು. ಹಾಗೆಂದು ಹೇಳಿ, ಬರಿಗಾಲಿನ ಮಕ್ಕಳು ತುಳಿದಾರೆಂದು ಚೂರುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಆಯ್ದು, ಸೆರಗಿನಲ್ಲಿ ಹಿಡಿದು, ಹಿತ್ತಿಲ ಬೇಲಿಯ ಬುಡಕ್ಕೆ ಸುರಿದು ಬರುತ್ತಿದ್ದ ನನ್ನ ಅಜ್ಜಿಯ ನೆನಪು, ಆಕೆ ಹೆಸರನ್ನು ಸಹ ಕೇಳಿರದಿದ್ದ ದೂರದ ಒಂದು ಪಟ್ಟಣದಲ್ಲಿ, ಹೇಮಂತಋತುವಿನ ಒಂದು ಬೆಳಗು, ಅಕಸ್ಮಾತ್ತಾಗಿ ನನ್ನನ್ನು ಹಿಡಿದು ನಿಲ್ಲಿಸಿತು. ಚಂಡೀಗಢದ ರಾಕ್ ಗಾರ್ಡನ್ನಿನ ಒಂದು ದಿಣ್ಣೆಯ ಮೇಲೆ ಮೂರಡಿಯಷ್ಟು ಎತ್ತರದ ಸಿಮೆಂಟಿನ ಹೆಣ್ಣೊಬ್ಬಳು ನಿಂತಿದ್ದಳು. ಅವಳ ಲಂಗವೂ ಕುಪ್ಪಸವೂ ಒಡೆದ ಗಾಜಿನ ಬಳೆಗಳಿಂದಲೇ ಆಗಿದ್ದುವು.

ಬಗ್ಗಿ, ಕನ್ನಡಕವನ್ನು ಸರಿಪಡಿಸಿಕೊಂಡು, ಆ ಲಂಗವನ್ನು ನಾನು ಬಹಳ ಹೊತ್ತು ನೋಡಿದೆನು. ಚೂರುಗಳನ್ನು ತೋರಿಕೆಗೆಂದು ಮೇಲೆ ಅಂಟಿಸಿದ್ದಲ್ಲ. ಗಾರೆಯು ಇನ್ನೂ ಹಸಿಯಾಗಿರುವಾಗಲೇ, ಬಳೆಯ ಬಾಗಿದ ಬೆನ್ನು ಹೊರಕ್ಕೆ ಬರುವಂತೆ, ಒಂದರ ಮಗ್ಗುಲಿಗೆ ಒಂದನ್ನು ಒತ್ತೊತ್ತಾಗಿ ಊರಿ ಕೂರಿಸಿದ್ದು. ಕೆಲವು ಹಸಿರು, ಕೆಲವು ಕೆಂಪು, ನಡುವೆ ಅಲ್ಲಲ್ಲಿ ಬಂಗಾರದ ಗೀರು ಮಾಸಿದ ಹಳದಿ. ಸೊಂಟದಿಂದ ಪಾದದವರೆಗೆ ಅವು ಸಾಲುಸಾಲಾಗಿ ಇಳಿದುಬಂದ ಬಗೆಯಲ್ಲಿ ಬಟ್ಟೆಯ ನಿರಿಗೆಯ ಭ್ರಮೆಯೇ ಹುಟ್ಟುವಂತಿತ್ತು. ಮೋಡ ಸರಿದು ಬಿಸಿಲು ಬಿದ್ದೊಡನೆ ಆ ಸಾಲುಗಳೆಲ್ಲ ಒಮ್ಮೆ ಮಿಂಚಿ, ಮತ್ತೆ ನೆರಳಾದಾಗ ಸಾಧಾರಣವಾದ ಗಾಜಾಗಿ ಮರಳಿದುವು. ಮುಖದಲ್ಲಿ ಮಾತ್ರ ಅಲಂಕಾರವೇನೂ ಇರಲಿಲ್ಲ: ನುಣುಪಾಗಿ ತೀಡಿದ ಸಿಮೆಂಟು, ಹಿಸುಕಿ ಎತ್ತಿದಂಥ ಮೂಗು, ಎದುರಿಗೆ ಬಂದವರನ್ನು ನೆಟ್ಟಗೆ ದಿಟ್ಟಿಸುವ ಎರಡು ಬಿಳಿಯ ಕಣ್ಣು. ತಲೆಯೆತ್ತಿ ನೋಡಿದರೆ ಅವಳ ಹಿಂದೆ ಅವಳಂಥ ಮತ್ತೊಬ್ಬಳು, ಅವಳ ಹಿಂದೆ ಇನ್ನೊಬ್ಬಳು; ದಿಣ್ಣೆಯ ತುಂಬ, ಜಾತ್ರೆಗೆ ನೆರೆದ ಹೆಂಗಸರಂತೆ, ಬಳೆಯ ಬಟ್ಟೆಯುಟ್ಟ ಒಂದು ದೊಡ್ಡ ಸಮೂಹವೇ ನೆರೆದಿತ್ತು.

ಈ ಸಮೂಹವನ್ನು ನಿರ್ಮಿಸಿದ ನೇಕ್ ಚಂದ್ ಸೈನಿಯವರು ಶಿಲ್ಪಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. 1924ರ ಡಿಸೆಂಬರ್ 15ರಂದು, ಈಗ ಪಾಕಿಸ್ತಾನಕ್ಕೆ ಸೇರಿಹೋಗಿರುವ ಶಕರ್‌ಗಢ ಸೀಮೆಯ ಬೆರಿಯಾನ್ ಕಲಾನ್ ಎಂಬ ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ, 1947ರ ವಿಭಜನೆಯಲ್ಲಿ ಆ ಹಳ್ಳಿಯನ್ನು ಎಂದೆಂದಿಗೂ ಬಿಟ್ಟು ಈಚೆಗೆ ಬಂದ ಲಕ್ಷಾಂತರ ಜನರಲ್ಲಿ ಅವರೂ ಒಬ್ಬರು. ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿಯೊಂದು ಬೇಕಾಗಿ, ಶಿವಾಲಿಕ ಗಿರಿಶ್ರೇಣಿಯ ತಪ್ಪಲಿನಲ್ಲಿ ಚಂಡೀಗಢವೆಂಬ ನಗರವನ್ನು ಲೆ ಕಾರ್ಬೂಸಿಯೇ ಎಂಬ ಜಗದ್ವಿಖ್ಯಾತ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಲು ತೊಡಗಿದಾಗ, ಆ ಕಟ್ಟೋಣದ ಕೂಲಿ ಕಾರ್ಮಿಕರ ನಡುವೆ 1950ರ ದಶಕದ ಆದಿಭಾಗದಲ್ಲಿ ಅವರು ಕೆಲಸಕ್ಕೆ ಸೇರಿದರು.

ಹೊಸ ನಗರವು ಬರಿಯ ಬಯಲಿನಲ್ಲಿ ಎದ್ದುದಲ್ಲ. ಅದಕ್ಕಾಗಿ ಹಲವಾರು ಹಳ್ಳಿಗಳನ್ನು ತೆರವು ಮಾಡಬೇಕಾಯಿತು. ಮಣ್ಣಿನ ಗೋಡೆಗಳು ಬಿದ್ದುವು, ಒಲೆಗಳು ಆರಿದುವು, ಮಡಕೆ ಕುಡಿಕೆಗಳು ಬೋಕಿಗಳಾಗಿ ನೆಲದ ಮೇಲುಳಿದುವು. ಮತ್ತೊಂದು ಕಡೆ, ಏಳುತ್ತಿದ್ದ ಸರ್ಕಾರಿ ಕಟ್ಟಡಗಳ ಹಿಂದೆ ಒಡೆದ ಪಿಂಗಾಣಿ ತೊಟ್ಟಿಗಳು, ಸೀಳಿದ ಹೆಂಚು, ಗಟ್ಟಿಯಾಗಿಹೋದ ಸಿಮೆಂಟಿನ ಚೀಲ, ಟಾರಿನ ಖಾಲಿ ಪೀಪಾಯಿ ಇವು ರಾಶಿರಾಶಿಯಾಗಿ ಬೀಳುತ್ತಿದ್ದುವು. ಊರನ್ನು ಕಳೆದುಕೊಂಡು ಬಂದ ಒಬ್ಬ ಮನುಷ್ಯನು, ಊರುಗಳು ಅಳಿಯುತ್ತಲೂ ಊರೊಂದು ಏಳುತ್ತಲೂ ಇರುವುದನ್ನು ದಿನವೂ ಏಕಕಾಲದಲ್ಲಿ ನೋಡುತ್ತ ನಿಂತಾಗ ಅವನ ಮನಸ್ಸಿನಲ್ಲಿ ಏನೇನು ನಡೆದಿರಬಹುದೆಂಬುದನ್ನು ನಾವು ಊಹಿಸಬಹುದಷ್ಟೆ. ಆತನು ಮಾಡಿದ್ದೇನೆಂಬುದು ಮಾತ್ರ ಕಣ್ಣೆದುರಿಗಿದೆ: ಆ ಎರಡೂ ರಾಶಿಗಳಿಂದ ಆಯ್ದು ತಂದುದನ್ನು ಕೂಡಿಸಿ, ತನ್ನದೇ ಒಂದು ಊರನ್ನು ಕಟ್ಟಿದನು.

ಆರಂಭದಲ್ಲಿ ತಂದುದು ಕಲ್ಲುಗಳನ್ನು. ಹಗಲ ದುಡಿಮೆ ಮುಗಿದ ಮೇಲೆ ಸೈಕಲ್ಲನ್ನೇರಿ, ಸುಖ್ನಾ, ಘಗ್ಗರ್ ಮೊದಲಾದ ತೊರೆಗಳ ಒಣಗಿದ ಪಾತ್ರಗಳಲ್ಲಿ ಅಲೆದು, ನೀರು ಸಾವಿರಾರು ವರ್ಷ ತಿಕ್ಕಿ ತೀಡಿದ್ದರಿಂದ ಹಕ್ಕಿಯಂತೆಯೋ ಕೋತಿಯಂತೆಯೋ ಕುಳಿತ ಮನುಷ್ಯನಂತೆಯೋ ತೋರುವ ಕಲ್ಲುಗಳನ್ನು ಅವರು ಹೊತ್ತು ತಂದರು. ನಗರದ ಉತ್ತರದಂಚಿನಲ್ಲಿ, ಸುಖ್ನಾ ಸರೋವರದ ಬಳಿ, ಯಾವ ಕಟ್ಟಡವೂ ಏಳಕೂಡದೆಂದು ಸರ್ಕಾರವು ಕಾದಿರಿಸಿದ್ದ ಪೊದೆಗಾಡಿನ ಕೊರಕಲೊಂದಿತ್ತು. ಅಲ್ಲಿ ಒಂದು ಗುಡಿಸಲನ್ನು ಹಾಕಿಕೊಂಡು, 1958ರ ಸುಮಾರಿನಿಂದ ಆ ಕಲ್ಲುಗಳನ್ನು ಕೂಡಿಡತೊಡಗಿದರು. ಸುಕ್ರಾನಿಯೆಂಬ ದಿವ್ಯರಾಜ್ಯವೊಂದನ್ನು ಆ ಕೊರಕಲಿನಲ್ಲಿ ಅವರ ಕಲ್ಪನೆಯು ಕಂಡಿತ್ತು. ಬಾಲ್ಯದಲ್ಲಿ ತಾಯಿ ಹೇಳಿದ್ದ ರಾಜರಾಣಿಯರ ಕಥೆಗಳು ಆ ಕಲ್ಪನೆಗೆ ಬೀಜವಾಗಿದ್ದುವು. ಕತ್ತಲಾದ ಮೇಲೆ ಹಳೆಯ ಟೈರುಗಳನ್ನು ಉರಿಸಿ ಬೆಳಕು ಮಾಡಿಕೊಂಡು, ಸುಮಾರು 18 ವರ್ಷಗಳ ಕಾಲ, ಹೆಚ್ಚುಕಡಮೆ ಯಾರಿಗೂ ತಿಳಿಯದಂತೆ ಅವರು ದುಡಿದರು. ಸರ್ಕಾರದ ನೆಲದಲ್ಲಿ ಸರ್ಕಾರದ ನೌಕರನೊಬ್ಬನು ಹೀಗೆ ಮಾಡುವುದು ಶಿಕ್ಷಾರ್ಹವಾದುದೆಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಚಂಡೀಗಢದ ನಿವಾಸಿಗಳಿಗಾಗಿ ಕಾರ್ಬೂಸಿಯೇ ಬರೆದಿಟ್ಟ ಶಾಸನದಲ್ಲಿ, ನಗರದಲ್ಲಾಗಲಿ ಉದ್ಯಾನಗಳಲ್ಲಾಗಲಿ ವ್ಯಕ್ತಿಗಳ ಪ್ರತಿಮೆಗಳನ್ನು ಸ್ಥಾಪಿಸಕೂಡದೆಂಬ ವಿಧಿಯುಂಟು. ಅದರ ಹಿಂದಿನ ವಿವೇಕವು ದೊಡ್ಡದು. ಚೌಕಕ್ಕೊಬ್ಬ ನಾಯಕನನ್ನು ಕಂಚಿನಲ್ಲಿ ನಿಲ್ಲಿಸಿ, ಹಬ್ಬಕ್ಕೊಮ್ಮೆ ಹಾರ ಹಾಕಿ, ಉಳಿದ ದಿನಗಳಲ್ಲಿ ಕಾಗೆಗಳಿಗೆ ಬಿಟ್ಟುಬಿಡುವ ನಮ್ಮ ಪಟ್ಟಣಗಳನ್ನು ಬಲ್ಲವರಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಅದೇ ನಗರದ ಸೆಕ್ಟರ್ ಒಂದರಲ್ಲಿ, ಕಾರ್ಬೂಸಿಯೇಯ ವಿಧಾನಸಭೆ ಹೈಕೋರ್ಟುಗಳ ಮಗ್ಗುಲಿಗೇ, ಸಹಸ್ರಾರು ಪ್ರತಿಮೆಗಳು ಎದ್ದು ನಿಂತುವು. ಎದ್ದರೂ ಆ ವಿಧಿಗೆ ಭಂಗ ಬರಲಿಲ್ಲ. ಏಕೆಂದರೆ ಅವುಗಳಲ್ಲಿ ಯಾವುದೂ ಯಾವ ವ್ಯಕ್ತಿಯದೂ ಅಲ್ಲ. ನೀರು ಹೊರುವವಳು, ಡೋಲು ಬಾರಿಸುವವನು, ಕೂಸನ್ನೆತ್ತಿದವಳು, ಕೈಕಟ್ಟಿ ನಿಂತ ಮುದುಕ ಇವರಿಗೆ ಹೆಸರಿಲ್ಲ, ಪೀಠದ ಮೇಲೆ ಬರಹವಿಲ್ಲ.

1970ರ ದಶಕದಲ್ಲಿ ಆ ಗುಟ್ಟು ಹೊರಬಿತ್ತು. ಆ ವೇಳೆಗೆ ಸುಮಾರು 12 ಎಕರೆಯಷ್ಟು ನೆಲವು ಅಂಗಳಗಳೂ ಓಣಿಗಳೂ ಪ್ರತಿಮೆಗಳೂ ಆಗಿ ಬೆಳೆದಿತ್ತು. ಕೆಡವಿಹಾಕಬೇಕೆಂಬ ಮಾತೂ ಬಂದಿತು. ಆದರೆ ನೋಡಿದ ಜನರು ಅದಕ್ಕೆ ಒಪ್ಪಲಿಲ್ಲ. ನಗರದ ಗಿಡಮರಗಳ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಎಂ. ಎಸ್. ರಂಧಾವಾ ಅವರಂಥ ಹಿರಿಯ ಆಡಳಿತಗಾರರು ಬೆನ್ನಿಗೆ ನಿಂತರು. 1976ರಲ್ಲಿ ತೋಟವನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಅಷ್ಟೇ ಅಲ್ಲ, ಶಿಕ್ಷೆಗೆ ಒಳಗಾಗಬೇಕಿದ್ದ ಮನುಷ್ಯನಿಗೆ ‘ಸಬ್ ಡಿವಿಜನಲ್ ಎಂಜಿನಿಯರ್, ರಾಕ್ ಗಾರ್ಡನ್’ ಎಂಬ ಹುದ್ದೆಯನ್ನೂ ಸಂಬಳವನ್ನೂ 50 ಮಂದಿ ಕೆಲಸಗಾರರನ್ನೂ ಸರ್ಕಾರವೇ ಕೊಟ್ಟಿತು. ನಮ್ಮ ಆಡಳಿತದ ಇತಿಹಾಸದಲ್ಲಿ ಇಷ್ಟು ಉದಾರವಾದ ಆಜ್ಞೆಗಳು ಹೆಚ್ಚಾಗಿ ಹೊರಟಿರಲಾರವು. ಅದನ್ನು ಹೊರಡಿಸಿದವರನ್ನು ನಾನು ಮನಸಾರೆ ನೆನೆಯುತ್ತೇನೆ. 1983ರಲ್ಲಿ ತೋಟದ ಚಿತ್ರವು ಅಂಚೆಚೀಟಿಯ ಮೇಲೆ ಬಂದಿತು. ಮರುವರ್ಷ ನೇಕ್ ಚಂದರಿಗೆ ಪದ್ಮಶ್ರೀ ಸಂದಿತು.

ಒಳಹೊಕ್ಕವನಿಗೆ ಮೊದಲು ಎದುರಾಗುವುದು ಬಾಗಿಲಿನ ತಗ್ಗು. ಎತ್ತರದವರಿರಲಿ ಕುಳ್ಳರಿರಲಿ, ತಲೆಬಾಗದೆ ದಾಟಲಾಗದು. ಅರಸರ ಸನ್ನಿಧಿಗೆ ಹೋಗುವವರು ಹಾಗೆಯೇ ಹೋಗಬೇಕೆಂಬುದು ಕರ್ತೃವಿನ ಇಂಗಿತ. ದಾಟಿದರೆ ಒಂದು ಅಂಗಳ, ಅದರಾಚೆಗೊಂದು ಇಕ್ಕಟ್ಟಾದ ಓಣಿ, ಓಣಿ ತಿರುಗಿದರೆ ಮತ್ತೊಂದು ಅಂಗಳ. ಮುಂದೇನಿದೆಯೆಂಬುದನ್ನು ಹಿಂದಿನದು ತೋರಗೊಡುವುದಿಲ್ಲ. ಗೋಡೆಗಳಾದರೋ ತಮ್ಮಷ್ಟಕ್ಕೆ ತಾವೇ ಒಂದು ಸಂಗ್ರಹ: ಒಂದೆಡೆ ಸಾಲಾಗಿ ಜೋಡಿಸಿದ ಪೀಪಾಯಿಗಳು, ಒಂದೆಡೆ ವಿದ್ಯುತ್ ಕಂಬದಿಂದ ಇಳಿಸಿದ ಬಿಳಿಯ ಪಿಂಗಾಣಿ ಬುಗುಟುಗಳು, ಒಂದೆಡೆ ಕೆಟ್ಟ ಪ್ಲಗ್ ಪಾಯಿಂಟುಗಳನ್ನೇ ಇಟ್ಟಿಗೆಗಳಂತೆ ಕೂಡಿಸಿ ಕಟ್ಟಿದ ಒಂದು ಭಾಗ. ಸಹಜಶಿಲೆಗಳ ಅಂಗಳದಲ್ಲಿ, ತೊರೆಗಳಿಂದ ತಂದ ಆ ಮೊದಲ ಕಲ್ಲುಗಳು ಒಂದೊಂದು ಪೀಠದ ಮೇಲೆ ಒಂದೊಂದಾಗಿ ಕುಳಿತಿವೆ. ಉಳಿಯ ಗಾಯ ಒಂದಕ್ಕೂ ಇಲ್ಲ. ಬಂದವರಲ್ಲಿ ಬಹುಮಂದಿ ಇಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತಾರೆ. ನನಗೆ ಮಾತ್ರ ಇಡೀ ತೋಟದ ಮೂಲವು ಇದೇ ಎನಿಸಿತು. ಕಲ್ಲಿನಲ್ಲಿ ಮೊದಲೇ ಇರುವ ಮುಖವನ್ನು ಗುರುತಿಸುವುದನ್ನು ಕಣ್ಣು ಕಲಿತ ಮೇಲಲ್ಲವೆ, ಸೈಕಲ್ಲಿನ ಮುರಿದ ಕವಲಿನಲ್ಲಿ ಪ್ರಾಣಿಯ ಕಾಲನ್ನು ಕಾಣಲು ಸಾಧ್ಯವಾದುದು!

ಅನಂತರ ಬರುತ್ತದೆ ಜನಸ್ತೋಮ. ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಪ್ರತಿಮೆಗಳನ್ನು ನೋಡಿದಾಗ ಮೈಸೂರು ಸೀಮೆಯವನಾದ ನನಗೆ ನವರಾತ್ರಿಯ ಗೊಂಬೆಹಬ್ಬದ ಜಗಲಿಯು ಕಣ್ಣಿಗೆ ಕಟ್ಟಿತು. ಪಟ್ಟದ ಗೊಂಬೆಯ ಕೆಳಗೆ ದಸರೆಯ ಸಿಪಾಯಿಗಳು, ಅವರ ಕೆಳಗೆ ಅಂಗಡಿಯ ಸೆಟ್ಟಿ ಸೆಟ್ಟಮ್ಮನವರು, ಕಟ್ಟಕಡೆಗೆ ರಾಗಿಯ ಪೈರಿನ ನಡುವೆ ಹಸು ಕರು. ಇಲ್ಲಿಯೂ ಹಾಗೆಯೇ ಸೈನಿಕರ ಒಂದು ತುಕಡಿ, ವಾದ್ಯಗಾರರ ಒಂದು ಮೇಳ, ಬಿಂದಿಗೆ ಹೊತ್ತ ಹೆಂಗಸರ ಒಂದು ಸಾಲು. ಮತ್ತೊಂದು ಬದಿಗೆ ಕೋತಿಗಳ ಹಿಂಡು, ಕರಡಿಗಳು, ಒಡೆದ ಪಿಂಗಾಣಿಯ ಗರಿಗಳನ್ನು ಹೊದ್ದ ನವಿಲುಗಳು. ಕುಲುಮೆಯ ಕಿಟ್ಟದಿಂದಾದ ಮೈಯುಳ್ಳ ಪ್ರತಿಮೆಗಳು ಕಪ್ಪಾಗಿ, ಸುಟ್ಟ ಹೊಲದಿಂದ ಎದ್ದು ಬಂದವರಂತೆ ತೋರುತ್ತವೆ. ಅವುಗಳ ಮಗ್ಗುಲಲ್ಲೇ ಬಿಳಿಯ ಬಸಿಯ ಚೂರುಗಳನ್ನು ತೊಟ್ಟವರು ಮದುವೆಗೆ ಹೊರಟಂತಿದ್ದಾರೆ. ದರ್ಜಿಯಂಗಡಿಗಳ ಚಿಂದಿಯನ್ನು ಸರಳಿನ ಹಂದರದ ಮೇಲೆ ಬಿಗಿದು ಮಾಡಿದ ಆಳೆತ್ತರದ ಬಟ್ಟೆಯ ಬೊಂಬೆಗಳೂ ಅವರ ಕೃತಿಗಳಲ್ಲಿ ಸೇರಿವೆ. ಅವುಗಳಿಗಾಗಿ ತೋಟದೊಳಗೇ ಈಗ ಪ್ರತ್ಯೇಕವಾದ ಒಂದು ಮ್ಯೂಸಿಯಂ ಉಂಟು. ಕಡೆಯ ಘಟ್ಟದಲ್ಲಿ ಎತ್ತರದ ಕಮಾನುಗಳೂ ಜಲಪಾತಗಳೂ ಬಂದಿವೆ. ಕಮಾನು ಕಮಾನಿಗೂ ಕಟ್ಟಿದ ಉಯ್ಯಾಲೆಗಳಲ್ಲಿ ಹೆಂಗಸರೂ ಮಕ್ಕಳೂ ತೂಗಾಡುತ್ತಿರುತ್ತಾರೆ. ಆ ಭಾಗದ ಬಗ್ಗೆ ನಾನು ಹೆಚ್ಚು ಹೇಳಲಾರೆ, ಅಲ್ಲಿ ಸಂತೋಷವಿದೆ, ನೋಡತಕ್ಕದ್ದು ಕಡಮೆ.

ಮಾಡುವ ಕ್ರಮವು ಕೇಳಲು ಸರಳವಾದುದು. ಸೈಕಲ್ಲಿನ ಚೌಕಟ್ಟೋ ಕಬ್ಬಿಣದ ಸರಳೋ ಒಳಗಿನ ಎಲುಬಾಗುತ್ತದೆ. ಅದರ ಮೇಲೆ ಸಿಮೆಂಟು ಮರಳಿನ ಗಾರೆಯನ್ನು ಮೆತ್ತಿ ಮೈಕಟ್ಟನ್ನು ಎಬ್ಬಿಸುವುದು. ಕೊನೆಯ ಪದರಕ್ಕೆ ಮರಳಿಲ್ಲದ ಸಿಮೆಂಟನ್ನೇ ಹಚ್ಚಿ ನುಣುಪಾಗಿ ತೀಡುವುದು. ಅದು ಸೆಟೆಯುವ ಮುನ್ನ ಬಳೆ, ಬೋಕಿ, ಪಿಂಗಾಣಿ, ಕಿಟ್ಟ, ಯಾವುದನ್ನು ಕೂರಿಸಬೇಕೋ ಅದನ್ನು ಕೂರಿಸಿಬಿಡುವುದು. ಗಾರೆ ಕೆಲಸ ಮಾಡಿದವರು ಬಲ್ಲರು, ಈ ಕಡೆಯ ಹಂತಕ್ಕೆ ದೊರೆಯುವ ಹೊತ್ತು ಅತ್ಯಲ್ಪ. ಬೇಗನೆ ಒತ್ತಿದರೆ ಚೂರು ಮುಳುಗುತ್ತದೆ. ತಡವಾದರೆ ಕಚ್ಚುವುದಿಲ್ಲ, ಮಳೆಗಾಲಕ್ಕೆ ಉದುರುತ್ತದೆ. ಹೀಗಾಗಿ ಆ ಮುಖಗಳಲ್ಲಿ ತಿದ್ದಿ ತೀಡಿದ ಭಾವವಿಲ್ಲ. ಗಡಿಬಿಡಿಯ ಹೆಬ್ಬೆರಳು ಒಮ್ಮೆ ಒತ್ತಿ ಬಿಟ್ಟ ಭಾವವಿದೆ, ಒಂದರದು ಇನ್ನೊಂದಕ್ಕಿಲ್ಲ.

ಇಂಥ ಕೃತಿಗಳನ್ನು ವಿದೇಶಗಳ ಕಲಾಲೋಕವು ಆದರದಿಂದ ಬರಮಾಡಿಕೊಂಡಿದೆ. 1980ರ ದಶಕದ ಮಧ್ಯದಲ್ಲಿ ವಾಷಿಂಗ್ಟನ್ ನಗರದ ಮಕ್ಕಳ ವಸ್ತುಸಂಗ್ರಹಾಲಯಕ್ಕಾಗಿ ನೇಕ್ ಚಂದರು ಒಂದು ತೋಟವನ್ನು ಮಾಡಿಕೊಟ್ಟರು. ಸ್ವಿಟ್ಜರ್ಲೆಂಡಿನ ಲೌಸಾನಿನಲ್ಲಿ, ಶಾಲೆಯಲ್ಲಿ ಕಲಿಯದವರ ಕಲೆಗೆ ಮೀಸಲಾದ ಆರ್ಟ್ ಬ್ರೂಟ್ ಸಂಗ್ರಹದಲ್ಲಿಯೂ, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಶೆಬಾಯ್ಗನ್ನಿನ ಕೋಲರ್ ಕಲಾಕೇಂದ್ರದಲ್ಲಿಯೂ ಅವರ ಪ್ರತಿಮೆಗಳಿವೆ. ಅದು ಗೌರವದ ಮಾತೇ ಸರಿ. ಆದರೂ ಒಂದು ಬಿನ್ನಹವನ್ನು ನಾನು ಮುಂದಿಡಬೇಕಾಗಿದೆ. ಬಿಳಿಯ ಗೋಡೆಯ ಮುಂದೆ, ದೀಪದ ಕೆಳಗೆ, ಒಂದನ್ನೇ ಒಯ್ದು ನಿಲ್ಲಿಸಿದಾಗ ಆ ಪ್ರತಿಮೆಯು ಕಲಾಕೃತಿಯಾಗುತ್ತದೆ. ಚಂಡೀಗಢದ ದಿಣ್ಣೆಯ ಮೇಲೆ ಅದು ನೆರೆಹೊರೆಯಾಗಿರುತ್ತದೆ. ನಮ್ಮ ಊರುಗಳ ಅಶ್ವತ್ಥಕಟ್ಟೆಯಲ್ಲಿ ಸಾಲಾಗಿ ನಿಂತ ನಾಗರಕಲ್ಲುಗಳಲ್ಲಿ ಇದು ಚೆಲುವು, ಅದು ಸಾಮಾನ್ಯ ಎಂದು ಆರಿಸುವವನು ಆ ಕಟ್ಟೆಯನ್ನು ಕಂಡವನಲ್ಲ. ಹಾಗೆಯೇ ಈ ತೋಟದ ಅತ್ಯುತ್ತಮ ಕೃತಿ ಯಾವುದೆಂದು ಕೇಳುವುದರಲ್ಲಿ ಅರ್ಥವಿಲ್ಲ. ಮೂವತ್ತನೆಯ ಕೋತಿಗೆ ಇಪ್ಪತ್ತೊಂಬತ್ತನೆಯದರ ಮಗ್ಗುಲೇ ಸ್ಥಾನ. ಬೆರಿಯಾನ್ ಕಲಾನ್ ಹಳ್ಳಿಯನ್ನು ಕಳೆದುಕೊಂಡವನು ಮರಳಿ ಕಟ್ಟಬೇಕಾಗಿದ್ದುದು ಒಬ್ಬ ಮನುಷ್ಯನನ್ನಲ್ಲ, ಜನರನ್ನು.

ಆ ಜನರ ಪರವಾಗಿ ಜೀವಂತ ಜನರು ನಿಂತ ಕಥೆಯೂ ಇದರ ಜೊತೆಗೇ ಹೆಣೆದುಕೊಂಡಿದೆ. ನಗರದ ಅಲ್ಲಲ್ಲಿ ಏರ್ಪಡಿಸಿದ್ದ ಸಂಗ್ರಹಸ್ಥಾನಗಳಿಗೆ ಒಡೆದ ಸಾಮಾನನ್ನೂ ಚಿಂದಿಯನ್ನೂ ತಂದು ಕೊಟ್ಟವರು ಸಾಮಾನ್ಯ ನಾಗರಿಕರು. 1990ರಲ್ಲಿ, ತೋಟದ ಒಂದು ಭಾಗವನ್ನು ಕೆಡವಿ ರಸ್ತೆ ಮಾಡಲು ಬುಲ್ಡೋಜರುಗಳು ಬಂದಾಗ, ಅದೇ ನಾಗರಿಕರು ಮಕ್ಕಳು ಮರಿ ಸಹಿತ ಬಂದು, ಕೈಕೈ ಹಿಡಿದು ಸರಪಳಿಯಾಗಿ ಅಡ್ಡ ನಿಂತರು, ಬುಲ್ಡೋಜರುಗಳು ಹಿಂದಿರುಗಿದುವು. 1996ರಲ್ಲಿ ನೇಕ್ ಚಂದರು ಅಮೆರಿಕದ ಪ್ರವಾಸದಲ್ಲಿದ್ದಾಗ ತೋಟಕ್ಕೆ ಬರುತ್ತಿದ್ದ ಹಣ ನಿಂತು, ಪುಂಡರು ನುಗ್ಗಿ ಪ್ರತಿಮೆಗಳನ್ನು ಒಡೆದರು. ಒಡೆದುದರಿಂದಲೇ ಆದುದನ್ನು ಮತ್ತೆ ಒಡೆಯಲು ಮನಸ್ಸು ಹೇಗೆ ಬಂದಿತೋ ನಾನರಿಯೆ. ಮರುವರ್ಷ ಇಂಗ್ಲೆಂಡಿನಲ್ಲಿ ನೇಕ್ ಚಂದ್ ಫೌಂಡೇಷನ್ ಹುಟ್ಟಿತು. ದೂರದೂರದ ದೇಶಗಳಿಂದ ಸ್ವಯಂಸೇವಕರು ಬಂದು, ಇಲ್ಲಿಯ ಕೆಲಸಗಾರರ ಜೊತೆಯಲ್ಲಿ ಕುಳಿತು, ಬಿರುಕು ಮುಚ್ಚುವುದನ್ನೂ ಚೂರು ಕೂರಿಸುವುದನ್ನೂ ಕಲಿತರು. ನೇಕ್ ಚಂದರು 2015ರ ಜೂನ್ 12ರಂದು, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಲ್ಲದ ಮೇಲೂ ಆತಂಕವು ನೀಗಿಲ್ಲ: 2025ರ ಆರಂಭದಲ್ಲಿ, ಪಕ್ಕದ ಹೈಕೋರ್ಟಿನ ವಾಹನಗಳ ಸೌಕರ್ಯಕ್ಕಾಗಿ ರಸ್ತೆಯನ್ನು ಅಗಲ ಮಾಡುವಾಗ ತೋಟದ ಹೊರಗೋಡೆಯ ಒಂದು ಭಾಗವನ್ನು ಉರುಳಿಸಲಾಯಿತು. ಈ ಸಲವೂ ನಾಗರಿಕರು ಬಂದು ಪ್ರತಿಭಟಿಸಿದರು. ಗೋಡೆ ಮಾತ್ರ ಉಳಿಯಲಿಲ್ಲ. ಗೋಡೆಯಷ್ಟೇ ಹೋಯಿತು, ಪ್ರತಿಮೆಗಳಿಗೇನೂ ಆಗಲಿಲ್ಲವೆಂದು ಸಮಾಧಾನ ಹೇಳುವವರಿಗೆ ಆ ಗೋಡೆಗಳನ್ನು ಒಮ್ಮೆ ಬಳಿಗೆ ಹೋಗಿ ನೋಡಿರೆಂದು ಹೇಳಬೇಕು.

ನೇಕ್ ಚಂದರ ಕೈಯಿಂದಲೇ ಆದ ಮತ್ತೊಂದು ಶಿಲಾತೋಟ ನಮ್ಮ ನೆರೆಯ ಕೇರಳದಲ್ಲಿ, ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಬಳಿ ಇದೆ. ದಕ್ಷಿಣದವರಾದ ನಮಗೆ ಅದು ಹತ್ತಿರ. ಅದೇ ಹೆಸರಿನ ಜಾಡಿನಲ್ಲಿ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದರಾದ ಟಿ. ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನನ್ನು ಕನ್ನಡಿಗರು ಬಲ್ಲರು. ಅಲ್ಲಿ ಉತ್ತರ ಕರ್ನಾಟಕದ ಹಳ್ಳಿಯೇ ತನ್ನ ಒಕ್ಕಲು, ಕಸುಬು, ಸಂತೆಗಳೊಡನೆ ಬಣ್ಣದ ಶಿಲ್ಪವಾಗಿ ನಿಂತಿದೆ. ಎರಡರ ರೀತಿ ಬೇರೆ. ಗೊಟಗೋಡಿಯ ರೈತನನ್ನು ನೋಡಿ ನಿಜವಾದ ರೈತನೆಂದು ಕ್ಷಣಕಾಲ ಬೆರಗಾಗುತ್ತೇವೆ. ಚಂಡೀಗಢದವನು ಯಾವ ಕ್ಷಣದಲ್ಲಿಯೂ ತಾನು ಬಸಿ, ಬಳೆ, ಬೋಕಿಯೆಂಬುದನ್ನು ಮರೆಮಾಚುವುದಿಲ್ಲ. ಹಳ್ಳಿಯ ನೆನಪು ಮಾತ್ರ ಎರಡು ಕಡೆಯೂ ಒಂದೇ.

ನಾನು ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು, ಶಾಲೆಯ ಮಕ್ಕಳ ಸಾಲುಗಳು ಬಂದಿದ್ದುವು. ಬಳೆಯ ಹೆಂಗಸರ ದಿಣ್ಣೆಯ ಕೆಳಗೆ, ಬಿಳಿಯ ದುಪಟ್ಟಾ ಹೊದ್ದ ವೃದ್ಧೆಯೊಬ್ಬರು, ಅಡ್ಡ ಕಟ್ಟಿದ ಸರಪಳಿಯಾಚೆಗೆ ಬಾಗಿ, ಪ್ರತಿಮೆಯೊಂದರ ಎದೆಯ ಮೇಲಿದ್ದ ಒಂದು ಚೂರನ್ನೇ ನೋಡುತ್ತಿದ್ದರು. ಬಿಳಿಯ ಬಟ್ಟಲಿನ ಅಂಚಿನದು. ಅದರಲ್ಲಿ ಸಣ್ಣದೊಂದು ನೀಲಿ ಹೂವು, ಅರ್ಧ ಎಲೆ. ಪಕ್ಕದಲ್ಲಿದ್ದ ಮೊಮ್ಮಗಳ ತೋಳನ್ನು ಹಿಡಿದು ಅವರು ಪಂಜಾಬಿಯಲ್ಲಿ ಏನೋ ಹೇಳಿದರು. ನನಗೆ ತಿಳಿದುದು ಮನೆ ಎಂಬ ಒಂದು ಮಾತು, ತಾಯಿ ಎಂಬ ಇನ್ನೊಂದು ಮಾತು, ಮತ್ತು ಬಟ್ಟಲು ಇಷ್ಟಗಲವಿತ್ತೆಂದು ತೋರಲು ಗಾಳಿಯಲ್ಲಿ ಎರಡು ಕೈಗಳು ಬಿಡಿಸಿದ ದುಂಡು. ಹುಡುಗಿಯು ಒಂದು ಗಳಿಗೆ ಆ ಹೂವನ್ನು ನೋಡಿ, ಅಜ್ಜಿಯ ಕೈಯನ್ನು ಎಳೆದುಕೊಂಡು, ಉಯ್ಯಾಲೆಗಳ ಕಡೆಗೆ ಹೊರಟಳು.